ತಲೆಬಿಸಿ ಇಳಿಸಿಕೊಳ್ಳೋಕೆ ಬಳ್ಳಾರಿ ಸುತ್ತಮುತ್ತ ಎಲ್ಲಿಗೆ ಹೋಗೋದು?

ಬಳ್ಳಾರಿಯಿಂದ:
ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಇಡೀ ದಿನ ಮೆಷಿನ್ ಸದ್ದು, ಟ್ಯೂಬ್‌ಲೈಟ್, ಕಂಪ್ಯೂಟರ್. ರಾತ್ರಿ ಮಲಗಿದರೂ ತಲೆಯಲ್ಲಿ ಬಿಲ್ಲುಗಳೇ ಓಡುತ್ತವೆ. ಬಿಪಿ ಬೇರೆ ಜಾಸ್ತಿ. ಡಾಕ್ಟರು ಮಾತ್ರೆ ಕೊಟ್ಟು, ಗಿಡಮರ ಇರುವ ಕಡೆ ಓಡಾಡಿ ಅಂದರು. ನಿಜವಾಗ್ಲೂ ಉಪಯೋಗ ಆಗುತ್ತಾ? ಈ ಬಿಸಿಲೂರಲ್ಲಿ ಎಲ್ಲಿಗೆ ಹೋಗಲಿ?

ಸಂಡೂರಿನಿಂದ:
ಆಗುತ್ತೆ ಅಣ್ಣಾ. ನಾನು ಅದಿರು ಲಾರಿ ಓಡಿಸಿದವನು. ಹಾರನ್ನು, ಧೂಳು. ಮನೆಗೆ ಬಂದಾಗ ಮಕ್ಕಳು ಮಾತಾಡಿಸಿದರೂ ಸಿಟ್ಟು ಬರುತ್ತಿತ್ತು. ರಜೆ ಸಿಕ್ಕಾಗೆಲ್ಲ ನಾರಿಹಳ್ಳದ ಕಡೆ ನಡೆಯೋಕೆ ಶುರು ಮಾಡಿದೆ. ಮೊದಲ ಮಳೆ ಬಿದ್ದ ಮರುದಿನ ನೋಡಬೇಕು ನೀವು. ಹಸಿ ಮಣ್ಣಿನ ಮೇಲೆ ಮಖಮಲ್ಲಿನಂಥ ಕೆಂಪು ಹುಳಗಳು ಹರಿದಾಡುತ್ತವೆ. ಕೂತು ನೋಡುತ್ತಿದ್ದರೆ ಬಾಡಿಗೆ, ಸಾಲ ಯಾವುದೂ ನೆನಪಾಗಲ್ಲ. ಆ ರಾತ್ರಿ ನಿದ್ದೆ ತಾನಾಗೇ ಬರುತ್ತೆ.

ಬಿಲ್ಲು ನೋಡುವಾಗ ಮನಸ್ಸನ್ನು ಒತ್ತಿ ಕೂರಿಸಬೇಕು, ಅಲ್ವಾ? ಎಲೆ ಅಲ್ಲಾಡೋದನ್ನು ನೋಡೋಕೆ ಆ ಕಷ್ಟ ಇಲ್ಲ. ದಣಿದ ಗಮನಕ್ಕೆ ಅಲ್ಲೇ ಬಿಡುವು ಸಿಗುತ್ತೆ. ಮಳೆಗಾಲದಲ್ಲಿ ಕುಮಾರಸ್ವಾಮಿ ಬೆಟ್ಟಕ್ಕೂ ಬನ್ನಿ.

ಗಂಗಾವತಿಯಿಂದ:
ನಾನು ನರ್ಸ್. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ನೋವು ಇಳಿಸುವ ಜೋರಾದ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಹಾಗಂತ ನಿಮ್ಮ ಬಿಪಿ ಮಾತ್ರೆ ಬಿಡಬೇಡಿ ಮತ್ತೆ!

ಆನೆಗೊಂದಿ ಕಡೆಗೂ ಬನ್ನಿ. ಬಂಡೆ, ಬಾಳೆತೋಟ, ಗದ್ದೆ, ಪಕ್ಕದಲ್ಲೇ ಹೊಳೆ. ಅದೃಷ್ಟ ಇದ್ದರೆ ನೀರುನಾಯಿ ಕಾಣುತ್ತೆ. ಆದರೆ ಹೊಳೆಗೆ ಇಳಿಯಬೇಡಿ, ಮೊಸಳೆ ಇವೆ.

ರಾಯಚೂರಿನಿಂದ:
ದೂರ ಹೋಗೋಕೆ ಆಗದಿದ್ದರೂ ಬೇಜಾರಾಗಬೇಡಿ. ಇಂಗ್ಲೆಂಡ್‌ನಲ್ಲಿ ಸುಮಾರು 20 ಸಾವಿರ ಜನರನ್ನು ಕೇಳಿ ಮಾಡಿದ ಅಧ್ಯಯನ 2019ರಲ್ಲಿ ಬಂತು. ವಾರಕ್ಕೆ 2 ಗಂಟೆಯಾದರೂ ಹಸಿರಿನ ನಡುವೆ ಕಳೆಯುವವರಲ್ಲಿ, ಆರೋಗ್ಯ ಚೆನ್ನಾಗಿದೆ ಅನ್ನುವವರು ಜಾಸ್ತಿ ಇದ್ದರು. ಒಂದೇ ಸಲ ಹೋದರೂ ಸರಿ, ಸ್ವಲ್ಪ ಸ್ವಲ್ಪ ಹೋದರೂ ಸರಿ. ನಮ್ಮ ಬೀದಿಯ ಬೇವಿನ ಮರದ ಕೆಳಗೆ ಫೋನ್ ಇಲ್ಲದೆ ಕೂರೋದು ನನಗಂತೂ ಒಗ್ಗಿದೆ. ಬೇಸಿಗೆಯಲ್ಲಿ ಮಾತ್ರ ಬಿಸಿಲೇರೋ ಮುಂಚೆ ಮುಗಿಸಿಬಿಡಿ.

ಬಳ್ಳಾರಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮನೆಯವರ ಜೊತೆ ನಾರಿಹಳ್ಳಕ್ಕೆ ಬರ್ತೀವಿ. ಸಂಡೂರಿನ ಅಣ್ಣಾ, ಅಲ್ಲಿ ತಿಂಡಿ ಸಿಗುತ್ತಾ, ಇಲ್ಲ ಬುತ್ತಿ ಕಟ್ಟಿಕೊಂಡು ಬರಬೇಕಾ?

ಸಂಡೂರಿನಿಂದ:
ಬುತ್ತಿ ತನ್ನಿ. ನೀರೂ ಜಾಸ್ತಿ ಇರಲಿ.