ಸಹಾಯ ಬೇಕು: ಎಂಡೊಮೆಟ್ರಿಯೋಸಿಸ್‌ಗೆ ಆಪರೇಷನ್ ಮಾಡಿಸಲಾ, ಮೊದಲು ಮಗುವಿಗೆ ಪ್ರಯತ್ನಿಸಲಾ?

ಅಕ್ಕಂದಿರೇ, ನಾನು ಸಿಂಧನೂರಿನವಳು. ನನಗೆ ಎಂಡೊಮೆಟ್ರಿಯೋಸಿಸ್ ಇದೆ, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೂ ಬೆಳೆಯುವ ಕಾಯಿಲೆ. ಎಡಗಡೆ ಅಂಡಾಶಯದಲ್ಲಿ 4 ಸೆಂ.ಮೀ. ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗುಳ್ಳೆ) ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಮೊದಲು ಮುಟ್ಟಿನ ದಿನಗಳಲ್ಲಿ ಮಾತ್ರ ನೋವಿತ್ತು. ಆಮೇಲೆ ತಿಂಗಳಿಡೀ ಕಿಬ್ಬೊಟ್ಟೆ, ಸೊಂಟ ಹಿಡಿದುಕೊಂಡೇ ಇರೋದು ಶುರುವಾಯಿತು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಷಿನ್ ಪೆಡಲ್ ತುಳಿದರೆ ನೋವು ತೊಡೆಯವರೆಗೂ ಎಳೆಯುತ್ತದೆ. ಒಂದು ಬ್ಲೌಸ್ ಮುಗಿಸೋದರೊಳಗೆ ಎದ್ದು ಮಲಗಬೇಕಾಗುತ್ತದೆ.

ನೋವಿನ ಮಾತ್ರೆ, ಬಿಸಿನೀರಿನ ಚೀಲ ಎಲ್ಲಾ ಆಯ್ತು. ಈಗ ದಿನಾ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ, 2 ಮಿ.ಗ್ರಾಂ. ಮುಟ್ಟು ನಿಂತಿದೆ, ನೋವು ಸ್ವಲ್ಪ ಇಳಿದಿದೆ. ಆದರೆ ಆಗಾಗ ರಕ್ತದ ಕಲೆ ಕಾಣುತ್ತದೆ, ಮನಸ್ಸೂ ಜಾಸ್ತಿ ಕುಗ್ಗುತ್ತದೆ. ಮಗು ಆದರೆ ಎಲ್ಲಾ ಸರಿಹೋಗುತ್ತೆ ಅಂತಾರೆ ಅತ್ತೆ. ನಮಗೂ ಮಗು ಬೇಕು. ಆದರೆ ಈ ಮಾತ್ರೆ ನಡೆಯುವಾಗ ಅದಕ್ಕೆ ಪ್ರಯತ್ನಿಸುವ ಹಾಗಿಲ್ಲ, ಬಿಟ್ಟರೆ ಆ ನೋವು ಮತ್ತೆ ಬರುತ್ತಲ್ವಾ?

ಗೊಂದಲ ಇಲ್ಲೇ. ರಾಯಚೂರಿನ ಡಾಕ್ಟರ್, ಲ್ಯಾಪ್ರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಆಪರೇಷನ್) ಮಾಡಿ ಸಿಸ್ಟ್ ತೆಗೆಯೋಣ ಅಂತಾರೆ. ಬಳ್ಳಾರಿಯ ಡಾಕ್ಟರ್, ಸಿಸ್ಟ್ ತೆಗೆಯುವಾಗ ಒಳ್ಳೆಯ ಅಂಡಾಣುಗಳೂ ಕಮ್ಮಿಯಾಗಬಹುದು, ಮೊದಲು ಎಎಂಎಚ್ ರಕ್ತ ಪರೀಕ್ಷೆ (ಅಂಡಾಣುಗಳು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ಪರೀಕ್ಷೆ) ಮಾಡಿಸಿ, ಮಗುವಿಗೆ ಪ್ರಯತ್ನಿಸಿ ಅಂತಾರೆ. ಆಪರೇಷನ್ ಆದಮೇಲೂ ಇದು ಮರಳಿ ಬರಬಹುದು ಅಂತ ಇಬ್ಬರೂ ಹೇಳಿದರು. ಗರ್ಭಕೋಶ ತೆಗೆಸಿಬಿಡು ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.

ಮಗು ಬೇಕು ಅಂತಿದ್ದಾಗಲೇ ಸಿಸ್ಟ್ ಆಪರೇಷನ್ ಮಾಡಿಸಿದವರು ಇದ್ದೀರಾ? ನೋವು ಎಷ್ಟು ಕಾಲ ದೂರವಿತ್ತು, ಎಎಂಎಚ್ ಇಳಿಯಿತಾ? ಒಪ್ಪಿಕೊಳ್ಳುವ ಮುಂಚೆ ಡಾಕ್ಟರ್‌ಗೆ ನಾನು ಏನೇನು ಕೇಳಬೇಕು?