ಅರಿವು ಹುಟ್ಟಿನಿಂದಲೋ ಅನುಭವದಿಂದಲೋ: ಇದನ್ನು ಪರೀಕ್ಷಿಸಿ ನೋಡಲು ಸಾಧ್ಯವೇ?

ಪ್ರಶ್ನೆ – ತತ್ತ್ವವಿದ್ಯಾರ್ಥಿ

ಪದವಿ ತರಗತಿಗಾಗಿ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಅವರನ್ನು ಓದುತ್ತಿದ್ದೇನೆ. ಹುಟ್ಟುವಾಗ ಮನಸ್ಸು ಏನೂ ಬರೆಯದ ಹಾಳೆಯಂತಿರುತ್ತದೆ, ಅದನ್ನು ತುಂಬಿಸುವುದು ಅನುಭವವೇ ಎಂದು ಅವರು ವಾದಿಸುತ್ತಾರೆ. ಕೆಲವು ತತ್ತ್ವಗಳು ಬುದ್ಧಿಯಲ್ಲಿ ಮೊದಲೇ ಇರುತ್ತವೆ ಎಂಬುದು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ ಅವರ ಉತ್ತರ. ಎರಡೂ ಕಡೆಯ ವಾದಗಳು ಓದುವಾಗ ಸರಿಯೆಂದೇ ತೋರುತ್ತವೆ. ಈ ವಿವಾದವನ್ನು ಪ್ರಯೋಗದಿಂದ ತೀರ್ಮಾನಿಸಬಹುದೇ, ಅಥವಾ ಇದು ಎಂದೆಂದಿಗೂ ತರ್ಕದ ವಿಷಯವಾಗಿಯೇ ಉಳಿಯುವಂಥದ್ದೇ?

ಉತ್ತರ – ದೃಷ್ಟಿವಿಜ್ಞಾನಿ

ಇಡೀ ವಿವಾದವನ್ನಲ್ಲದಿದ್ದರೂ ಅದರ ಒಂದು ತುಣುಕನ್ನು ಪರೀಕ್ಷಿಸಿದ್ದಾರೆ, ಅದೂ ನಮ್ಮ ದೇಶದಲ್ಲಿಯೇ. ಡಬ್ಲಿನ್ನಿನ ವಿಲಿಯಂ ಮಾಲಿನೂ 1688ರಲ್ಲಿ ಲಾಕ್ ಅವರಿಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದರು. ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ವ್ಯಕ್ತಿ ಘನವನ್ನೂ ಗೋಳವನ್ನೂ ಕೈಯಿಂದ ಮುಟ್ಟಿ ಗುರುತಿಸಬಲ್ಲ. ಅವನಿಗೆ ದಿಢೀರನೆ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲನೇ? ಮಾಲಿನೂ ಅವರ ಪತ್ನಿ ಮದುವೆಯಾದ ಸ್ವಲ್ಪ ಕಾಲದಲ್ಲೇ ದೃಷ್ಟಿ ಕಳೆದುಕೊಂಡಿದ್ದರು ಎಂಬುದನ್ನು ನೆನೆದರೆ ಈ ಪ್ರಶ್ನೆ ಬರಿಯ ಬೌದ್ಧಿಕ ಕುತೂಹಲವಾಗಿರಲಿಲ್ಲ ಎನಿಸುತ್ತದೆ. ಲಾಕ್ ತಮ್ಮ ಗ್ರಂಥದ 1694ರ ಎರಡನೆಯ ಆವೃತ್ತಿಯಲ್ಲಿ ಇದನ್ನು ಸೇರಿಸಿಕೊಂಡು, ಆ ವ್ಯಕ್ತಿಗೆ ಹೇಳಲಾಗದು ಎಂಬ ಮಾಲಿನೂ ಅವರ ಅಭಿಪ್ರಾಯವನ್ನೇ ಒಪ್ಪಿದರು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಅವರು ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಹುಟ್ಟುಗುರುಡಿನ ಮಕ್ಕಳಿಗೆ ದೆಹಲಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಹಾಗೆ ದೃಷ್ಟಿ ಪಡೆದ, 8ರಿಂದ 17 ವರ್ಷ ವಯಸ್ಸಿನ ಐವರನ್ನು ಚಿಕಿತ್ಸೆಯಾದ ಎರಡು ದಿನಗಳೊಳಗೆ ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮಕ್ಕಳ ಆಟದ ಪ್ಲಾಸ್ಟಿಕ್ ತುಂಡುಗಳಂಥ ಆಕಾರವೊಂದನ್ನು ಮೊದಲು ಕೊಟ್ಟು, ಆಮೇಲೆ ಎರಡು ಆಕಾರಗಳನ್ನು ಮುಂದಿಟ್ಟು, ಮೊದಲಿನದು ಇವುಗಳಲ್ಲಿ ಯಾವುದು ಎಂದು ಕೇಳುತ್ತಿದ್ದರು. ಮುಟ್ಟಿದ್ದನ್ನು ಮುಟ್ಟಿಯೇ ಗುರುತಿಸುವಾಗ ಸುಮಾರು 98 ಶೇಕಡ, ನೋಡಿದ್ದನ್ನು ನೋಡಿಯೇ ಗುರುತಿಸುವಾಗ ಸುಮಾರು 92 ಶೇಕಡ ಉತ್ತರಗಳು ಸರಿಯಾಗಿದ್ದವು. ಮುಟ್ಟಿದ್ದನ್ನು ನೋಡಿ ಗುರುತಿಸಬೇಕಾದಾಗ ಮಾತ್ರ ಅದು 58ಕ್ಕೆ ಇಳಿಯಿತು. ಎರಡರಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಇದು ಊಹೆಗಿಂತ ಹೆಚ್ಚೇನೂ ಅಲ್ಲ. ಇಷ್ಟಕ್ಕೆ ಲಾಕ್ ಗೆದ್ದರು ಎನ್ನಬಹುದಿತ್ತು. ಆದರೆ ಮತ್ತೆ ಪರೀಕ್ಷಿಸಲು ಸಾಧ್ಯವಾದ ಮಕ್ಕಳು, ಯಾರೂ ಪಾಠ ಹೇಳಿಕೊಡದಿದ್ದರೂ, ಕೆಲವೇ ದಿನಗಳಲ್ಲಿ ಬಹುಮಟ್ಟಿಗೆ ಸರಿಯಾಗಿ ಗುರುತಿಸತೊಡಗಿದರು. ವರ್ಷಗಟ್ಟಲೆ ಇಲ್ಲದ ಸಂಬಂಧವೊಂದು ಇಷ್ಟು ಬೇಗ ಬೆಸೆದುಕೊಳ್ಳಬೇಕಾದರೆ ಅದಕ್ಕೆ ಬೇಕಾದ ಸಿದ್ಧತೆ ಒಳಗೆ ಮೊದಲೇ ಇದ್ದಿರಬೇಕು ಎಂಬುದು ನನ್ನ ಅಭಿಪ್ರಾಯ.

ಉತ್ತರ – ಸಂದೇಹಿ

ಈ ಪ್ರಯೋಗ ಲಾಕ್ ಪರವಾಗಿದೆ ಎಂದು ಒಪ್ಪುವ ಮೊದಲು ಒಂದು ಆಕ್ಷೇಪವನ್ನು ಎದುರಿಸಬೇಕು. ಹುಟ್ಟಿದಾಗ ಇದ್ದ ಸಾಮರ್ಥ್ಯವು ಬಳಕೆಯಿಲ್ಲದೆ ನಶಿಸಿದ್ದರೆ? ಎಳೆಯ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಮೊದಲ ಕೆಲವು ತಿಂಗಳು ಹೊಲಿದಿಟ್ಟರೆ, ಮುಂದೆ ತೆರೆದಾಗಲೂ ಆ ಕಣ್ಣು ಬಹುತೇಕ ನಿರುಪಯುಕ್ತವಾಗಿರುತ್ತದೆ, ಬೆಳೆದ ಬೆಕ್ಕಿಗೆ ಹಾಗಾಗುವುದಿಲ್ಲ ಎಂದು ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ತೋರಿಸಿದರು. ಅವರಿಗೆ 1981ರ ನೊಬೆಲ್ ಪ್ರಶಸ್ತಿ ಬಂತು. ಆದ್ದರಿಂದ ಹತ್ತು ವರ್ಷ ಬೆಳಕು ಕಾಣದ ಬಾಲಕನು ನವಜಾತ ಶಿಶುವಿಗೆ ಸಮನಲ್ಲ.

ಅದೇ ಪ್ರಾಜೆಕ್ಟ್ ಪ್ರಕಾಶ್‌ನ 2015ರ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ಸಮ ಉದ್ದದ ಎರಡು ಗೆರೆಗಳ ತುದಿಗೆ ಬಾಣದ ಗುರುತು ಹಾಕಿ, ಒಂದರಲ್ಲಿ ಒಳಮುಖವಾಗಿಯೂ ಇನ್ನೊಂದರಲ್ಲಿ ಹೊರಮುಖವಾಗಿಯೂ ಬರೆದರೆ ನಮಗೆ ಒಂದು ಗೆರೆ ಉದ್ದವಾಗಿ ಕಾಣುತ್ತದೆ. ಗೋಡೆ, ಮೂಲೆ, ಕಟ್ಟಡಗಳ ನಡುವೆ ಬೆಳೆದ ಅನುಭವದಿಂದ ಈ ಭ್ರಮೆ ಹುಟ್ಟುತ್ತದೆ ಎಂದು ಬಹುಕಾಲ ವಿವರಿಸುತ್ತಿದ್ದರು. ಆದರೆ ಹೊಸದಾಗಿ ದೃಷ್ಟಿ ಬಂದ ಮಕ್ಕಳೂ ಆರಂಭದಲ್ಲಿಯೇ ಈ ಭ್ರಮೆಗೆ ಒಳಗಾದರು. ಮೂಲೆಯನ್ನೇ ಕಣ್ಣಾರೆ ಕಾಣದವರಿಗೆ ಮೂಲೆಯ ಅನುಭವ ಎಲ್ಲಿಂದ ಬರಬೇಕು?

ಉತ್ತರ – ನ್ಯಾಯಶಾಸ್ತ್ರದ ಓದುಗ

ಈ ಚರ್ಚೆ ಯುರೋಪಿನಲ್ಲಿಯೇ ಮೊದಲಾದುದಲ್ಲ. ಪ್ರಾಚೀನ ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮರ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ, ಹಸುಗೂಸಿಗೆ ಮೊಲೆಹಾಲಿನ ಬಯಕೆ ಯಾರೂ ಕಲಿಸದೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯಿದೆ. ಹಿಂದಿನ ಜನ್ಮದಲ್ಲಿ ಉಂಡ ಅಭ್ಯಾಸದಿಂದ ಎಂಬುದು ಸಿದ್ಧಾಂತ. ಕಬ್ಬಿಣವು ಅಯಸ್ಕಾಂತದ ಕಡೆಗೆ ಸರಿಯುವಂತೆ ಇದು ತಾನಾಗಿಯೇ ಆಗಬಾರದೇಕೆ ಎಂದು ಪೂರ್ವಪಕ್ಷಿ, ಅಂದರೆ ಎದುರುವಾದಿ, ಕೇಳುತ್ತಾನೆ. ಕಬ್ಬಿಣವು ಬೇರೆಲ್ಲಿಗೂ ಹೋಗದೆ ಅಯಸ್ಕಾಂತದ ಕಡೆಗೇ ಹೋಗುವುದರಿಂದ ಅಲ್ಲಿಯೂ ನಿಯತವಾದ ಕಾರಣವೊಂದು ಇದೆ ಎಂದು ಉತ್ತರ ಬರುತ್ತದೆ. ಅಂದರೆ ಹುಟ್ಟಿನಿಂದ ಬಂದಂತೆ ತೋರುವುದನ್ನೂ ನೈಯಾಯಿಕರು (ನ್ಯಾಯದರ್ಶನದವರು) ಅನುಭವದ ಲೆಕ್ಕಕ್ಕೇ ಸೇರಿಸುತ್ತಾರೆ.

ತತ್ತ್ವವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಪೂರ್ವಜನ್ಮದ ಸ್ಥಾನದಲ್ಲಿ ಜೀವವಿಕಾಸವನ್ನು ಇಟ್ಟರೆ ನೈಯಾಯಿಕರ ಮಾತು ಇಂದಿಗೂ ನಿಲ್ಲುತ್ತದೆ ಎನ್ನಬಹುದೇ?

ನ್ಯಾಯಶಾಸ್ತ್ರದ ಓದುಗ

ಅರ್ಧದಷ್ಟು ಮಾತ್ರ. ಕೆನ್ನೆಗೆ ಬೆರಳು ತಾಗಿದೊಡನೆ ಕೂಸು ಬಾಯಿ ತೆರೆದು ಆ ಕಡೆಗೆ ತಲೆ ತಿರುಗಿಸುವುದನ್ನು ಜೀವವಿಜ್ಞಾನವು ಪೂರ್ವಜರಲ್ಲಿ ನಡೆದ ಆಯ್ಕೆಯ ಫಲವೆಂದು ವಿವರಿಸುತ್ತದೆ. ಅಲ್ಲಿ ಯಾರ ನೆನಪೂ ಬೇಕಾಗಿಲ್ಲ. ನೈಯಾಯಿಕರಿಗೆ ಮಾತ್ರ ಹಿಂದೆ ಉಂಡವನೂ ಈಗ ಬಯಸುವವನೂ ಒಬ್ಬನೇ ಆಗಿರಬೇಕು, ಏಕೆಂದರೆ ಅವರು ಈ ಉದಾಹರಣೆಯನ್ನು ತಂದದ್ದೇ ಆತ್ಮವು ನಿತ್ಯವೆಂದು ಸಾಧಿಸುವುದಕ್ಕಾಗಿ.