ಕ್ರಿಸ್‌ಮಸ್‌ಗೆ ಮನೆಯವರಿಗೆ ಕೈಕಸೂತಿ ಉಡುಗೊರೆ: ಯಾರಿಗೆ ಏನು ಮಾಡಲಿ?

ನೀಲಿದಾರ:

ಈ ಸಲ ಕ್ರಿಸ್‌ಮಸ್‌ಗೆ ಎಲ್ಲರಿಗೂ ನಾನೇ ಕಸೂತಿ ಹಾಕಿ ಏನಾದರೂ ಕೊಡಬೇಕು ಅಂತ ಮನಸ್ಸು ಮಾಡಿದ್ದೇನೆ. ಅಪ್ಪ, ಅಮ್ಮ, ಅಜ್ಜಿ, ಅಣ್ಣ, ಅತ್ತಿಗೆ, ಅವರ ಎಂಟು ತಿಂಗಳ ಮಗು, ಒಟ್ಟು ಆರು ಜನ. ಇನ್ನು ಏಳು ವಾರ ಇದೆ. ಕೆಲಸದಿಂದ ಬಂದ ಮೇಲೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ಅದೇ ಜಾಸ್ತಿ. ಹೊಲಿಗೆಗಳಲ್ಲಿ ರನ್ನಿಂಗ್, ಬ್ಯಾಕ್ ಸ್ಟಿಚ್ (ಬಿಡುವಿಲ್ಲದ ಗೆರೆ), ಚೈನ್ ಸ್ಟಿಚ್ (ಸರಪಳಿಯಂಥದ್ದು), ಲೇಜಿ ಡೈಸಿ (ಹೂವಿನ ಎಸಳು) ಇಷ್ಟು ಚೆನ್ನಾಗಿ ಬರುತ್ತವೆ. ಒತ್ತೊತ್ತಾಗಿ ಹೊಲಿದು ಆಕಾರ ತುಂಬಿಸುವ ಸ್ಯಾಟಿನ್ ಸ್ಟಿಚ್‌ನಲ್ಲಿ ಮಾತ್ರ ಅಂಚು ಇನ್ನೂ ನೆಟ್ಟಗೆ ನಿಲ್ಲುವುದಿಲ್ಲ.

ಅಮ್ಮನಿಗೆ ಅಂತ ಒಂದು ಟೇಬಲ್ ಕ್ಲಾತ್ ಶುರು ಮಾಡಿದ್ದೆ, ನಾಲ್ಕೂ ಮೂಲೆಗೆ ಹೂಬಳ್ಳಿ. ಒಂದೇ ಮೂಲೆಗೆ 11 ಗಂಟೆ ಹಿಡಿಯಿತು. ಉಳಿದ ಮೂರು ಮೂಲೆ ಮುಗಿಸಲು ಹೋದರೆ ಬೇರೆ ಯಾರಿಗೂ ಏನೂ ಆಗುವುದಿಲ್ಲ. ಅಪ್ಪನಿಗೆ, ಅಣ್ಣನಿಗೆ ಏನು ಮಾಡಬೇಕು ಅಂತ ತೋಚುತ್ತಲೇ ಇಲ್ಲ. ಅಜ್ಜಿಗೆ ಕಣ್ಣು ಮಂಜು, ಸಣ್ಣ ಕುಸುರಿ ಕೆಲಸ ಮಾಡಿಕೊಟ್ಟರೆ ಅವರಿಗೆ ಕಾಣುವುದಿಲ್ಲ, ಅದೇ ನನಗೆ ದೊಡ್ಡ ಚಿಂತೆ. ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ಎಳೆಎಳೆ:

ಮೊದಲು ಲೆಕ್ಕ ಹಾಕೋಣ. ಏಳು ವಾರ, ದಿನಕ್ಕೊಂದು ಗಂಟೆ, ಒಟ್ಟು 49 ಗಂಟೆ. ಕೊನೆಯ ವಾರವನ್ನು ಒಗೆಯುವುದು, ಇಸ್ತ್ರಿ, ಅಂಚು ಮಡಚಿ ಹೊಲಿಯುವುದು ಇದಕ್ಕೇ ಬಿಡಿ, ಯಾಕೆಂದರೆ ಕಸೂತಿಗಿಂತ ಈ ಕೆಲಸವೇ ಕೊನೆಗೆ ಸತಾಯಿಸುತ್ತದೆ. ಉಳಿದದ್ದು 42 ಗಂಟೆ, ಒಬ್ಬೊಬ್ಬರಿಗೆ ಏಳು ಗಂಟೆ. ಏಳು ಗಂಟೆಯಲ್ಲಿ ಮುಗಿಯುವುದನ್ನೇ ಆರಿಸಿ.

ಅಪ್ಪನಿಗೆ ಕರವಸ್ತ್ರ, ಮೂಲೆಯಲ್ಲಿ ಅವರ ಹೆಸರಿನ ಮೊದಲ ಅಕ್ಷರ. ಹಳೇ ಐಡಿಯಾ ಅನ್ನಿಸಬಹುದು, ಆದರೆ ದಿನವೂ ಜೇಬಿನಲ್ಲಿ ಇರುವ ಉಡುಗೊರೆ ಬೇರೆ ಯಾವುದಿದೆ ಹೇಳಿ. ಅಕ್ಷರ 2 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಆರು ಎಳೆಯ ದಾರದಲ್ಲಿ ಎರಡು ಎಳೆ ಮಾತ್ರ ಬಿಡಿಸಿಕೊಂಡು ಚೈನ್ ಸ್ಟಿಚ್ ಹಾಕಿ. ಕರವಸ್ತ್ರದ ಹಿಂಭಾಗವೂ ಕಾಣುತ್ತದೆ, ಹಾಗಾಗಿ ಗಂಟು ಹಾಕಬೇಡಿ. ಶುರುವಿನಲ್ಲಿ ದಾರದ ತುದಿ ಸ್ವಲ್ಪ ಉದ್ದ ಬಿಟ್ಟು, ಆಮೇಲೆ ಹಿಂದಿನ ಹೊಲಿಗೆಗಳ ಕೆಳಗೆ ತೂರಿಸಿ ಕತ್ತರಿಸಿ. ಇಂಥ ಮೂರು ಕರವಸ್ತ್ರ ಏಳು ಗಂಟೆಯೊಳಗೆ ಖಂಡಿತ ಆಗುತ್ತವೆ.

ಅಣ್ಣ ಏನು ಇಷ್ಟಪಡುತ್ತಾರೆ ಅಂತ ನೀವು ಹೇಳಲಿಲ್ಲ. ಸೈಕಲ್ಲೋ, ಗಿಟಾರೋ, ಸಾಕಿದ ನಾಯಿಯೋ, ಏನೇ ಇರಲಿ, ಅದರ ಬರೀ ಹೊರಗೆರೆಯನ್ನು ಬ್ಯಾಕ್ ಸ್ಟಿಚ್‌ನಲ್ಲಿ ಬಟ್ಟೆ ಚೀಲದ ಮೇಲೆ ಹಾಕಿ. ತುಂಬಿಸುವ ಕೆಲಸವೇ ಇಲ್ಲ, ಒಂದೇ ಬಣ್ಣ ಸಾಕು.

ಟೇಬಲ್ ಕ್ಲಾತ್ ವಿಷಯಕ್ಕೆ ಬಂದರೆ, ಮುಗಿದ ಆ ಮೂಲೆಯನ್ನು ಕತ್ತರಿಸಿ ಕುಶನ್ ಕವರ್ ಮಾಡಿಬಿಡಿ.

ಮುತ್ತುಗಂಟು:

ಕತ್ತರಿಸಬೇಡಿ! 11 ಗಂಟೆ ಕೂತು ಹಾಕಿದ ಕೆಲಸ ಅದು. ಒಂದೇ ಮೂಲೆಯಲ್ಲಿ ಬಳ್ಳಿ ಇರುವ ಟೇಬಲ್ ಕ್ಲಾತ್ ಕೂಡ ನೋಡಲು ಚೆನ್ನಾಗಿಯೇ ಇರುತ್ತದೆ. ಎದುರು ಮೂಲೆಗೆ ಅದೇ ಬಣ್ಣದಲ್ಲಿ ಒಂದು ಮೊಗ್ಗು, ಎರಡು ಎಲೆ ಹಾಕಿ, ಅಲ್ಲಿಗೆ ಮುಗಿಯಿತು. ಬೇಕಂತಲೇ ಹಾಗೆ ಮಾಡಿದ್ದು ಅಂತ ಕಾಣುತ್ತದೆ.

ಅಜ್ಜಿಯ ಬಗ್ಗೆ ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ನನ್ನ ಅಜ್ಜಿಗೂ ಕಣ್ಣು ಹಾಗೇ ಆಗಿತ್ತು. ಅವರಿಗೆ ಕೈಗೆ ಸಿಗುವ ಕಸೂತಿ ಮಾಡಿ. ಕನ್ನಡಕದ ಚೀಲ ಹೇಗೆ? ಕಡು ನೀಲಿ ಇಲ್ಲವೇ ಕಡು ಕೆಂಪು ಫೆಲ್ಟ್ (ಅಂಚು ಎಳೆ ಬಿಡದ ದಪ್ಪ ಬಟ್ಟೆ) ತೆಗೆದುಕೊಂಡು, ಆರೂ ಎಳೆ ಸೇರಿಸಿ ಬಿಳಿ ದಾರದಲ್ಲಿ ದೊಡ್ಡದೊಂದು ನಕ್ಷತ್ರ ಹಾಕಿ. ಗೆರೆಗೆ ದಪ್ಪ ಚೈನ್ ಸ್ಟಿಚ್, ಒಳಗೆಲ್ಲ ಒತ್ತೊತ್ತಾಗಿ ಫ್ರೆಂಚ್ ನಾಟ್. ಫ್ರೆಂಚ್ ನಾಟ್ ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ಒಂದು ಸಂಜೆ ಸಾಕು ಕಲಿಯಲು: ದಾರ ಮೇಲೆ ತಂದು, ಸೂಜಿಗೆ ಎರಡು ಸುತ್ತು ಸುತ್ತಿ, ಮೇಲೆ ಬಂದ ಜಾಗದ ಪಕ್ಕದಲ್ಲೇ, ಅದೇ ತೂತಿನಲ್ಲಿ ಅಲ್ಲ, ಸೂಜಿ ಇಳಿಸಬೇಕು. ಇಳಿಸುವಾಗ ಎಡಗೈಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಿ, ಇಲ್ಲದಿದ್ದರೆ ಗಂಟು ಸಡಿಲವಾಗುತ್ತದೆ. ಕಡು ಬಣ್ಣದ ಬಟ್ಟೆಯ ಮೇಲೆ ಬಿಳಿ ಇದ್ದರೆ ಮಂಜು ಕಣ್ಣಿಗೂ ತಿಳಿಯುತ್ತದೆ, ಕಾಣದಿದ್ದರೂ ಬೆರಳಿಟ್ಟರೆ ಇದು ನನ್ನ ಚೀಲ ಅಂತ ಗೊತ್ತಾಗುತ್ತದೆ. ನನ್ನ ಅಜ್ಜಿ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು, ರಾತ್ರಿ ಎದ್ದಾಗ ತಡಕಿದರೆ ಸಿಗುತ್ತಿತ್ತು. ದಿಂಬಿನ ಕವರ್ ಮಾಡುವ ಯೋಚನೆ ಇದ್ದರೆ ಕೆನ್ನೆ ತಾಗುವ ಕಡೆ ಮಾತ್ರ ಗಂಟು ಬೇಡ, ಒತ್ತುತ್ತದೆ.

ಇನ್ನೊಂದು. ಅಜ್ಜಿ ನಿಮ್ಮ ಅಮ್ಮನ ತಾಯಿ ಆಗಿದ್ದರೆ, ಅವರು ಹಿಂದೆ ಬರೆದ ಕಾಗದ ಏನಾದರೂ ಮನೆಯಲ್ಲಿದೆಯಾ? ಅದರಿಂದ ಒಂದು ಸಾಲು ಅಮ್ಮನಿಗೆ ಹಾಕಿಕೊಡಿ. ಕಾಗದವನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ತೆಳು ಬಿಳಿ ಬಟ್ಟೆ ಇಟ್ಟರೆ ಹಗಲು ಬೆಳಕಿನಲ್ಲಿ ಅಕ್ಷರ ಮೂಡುತ್ತದೆ. ಕನ್ನಡ ಅಕ್ಷರ ಎಲ್ಲಾ ಗುಂಡಗೆ ಅಲ್ವಾ, ಉದ್ದ ಉದ್ದ ಬ್ಯಾಕ್ ಸ್ಟಿಚ್ ಹಾಕಿದರೆ ಮೂಲೆ ಮೂಲೆಯಾಗಿ ಕಾಣುತ್ತದೆ. ತಿರುವಿನಲ್ಲಿ ಒಂದೊಂದು ಹೊಲಿಗೆ 2 ಮಿಲಿಮೀಟರ್ ಮೀರದಿರಲಿ. ಅಕ್ಷರ ಅಲ್ಲಲ್ಲಿ ಸೊಟ್ಟಗಿದ್ದರೆ ತಿದ್ದಬೇಡಿ, ಅವರ ಕೈ ಹಾಗೇ ಇತ್ತು.

ಹತ್ತಿಬಟ್ಟೆ:

ಮಗುವಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಣಿ, ಗುಂಡಿ, ಚಮಕಿ ಯಾವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಬಟ್ಟೆಗೆ ಕಸೂತಿ ಹಾಕಿದರೆ ಒಳಗಡೆ ಮೆತ್ತನೆಯ ಬಟ್ಟೆ ಹಚ್ಚಿ, ದಾರ ಮೈಗೆ ಉಜ್ಜಬಾರದು. ನನ್ನನ್ನು ಕೇಳಿದರೆ ಬಟ್ಟೆಗಿಂತ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಒಂದು ಫೆಲ್ಟ್ ತುಂಡು ಒಳ್ಳೆಯದು, ಬಟ್ಟೆ ಮೂರು ತಿಂಗಳಲ್ಲಿ ಚಿಕ್ಕದಾಗಿಬಿಡುತ್ತದೆ. ಮಗು ನಿದ್ದೆ ಮಾಡುವಾಗ ಅಂಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ. ಅದೇ ಅಳತೆಗೆ ಎರಡು ಫೆಲ್ಟ್ ಕತ್ತರಿಸಿ, ಒಂದರ ಮೇಲೆ ಇಸವಿ ಹಾಕಿ, ಎರಡೂ ಸೇರಿಸಿ ಅಂಚಿಗೆ ಬ್ಲಾಂಕೆಟ್ ಸ್ಟಿಚ್ (ಅಂಚನ್ನು ಸುತ್ತಿ ಹಿಡಿಯುವ ಹೊಲಿಗೆ), ಒಳಗೆ ಸ್ವಲ್ಪ ಹತ್ತಿ. ಹೀಗೆ ಎರಡು ಮಾಡಿದರೆ ಒಂದು ಅತ್ತಿಗೆಗೆ ಆಯಿತು. ಪ್ರತಿ ವರ್ಷ ಒಂದೊಂದು ಮಾಡಿದರೆ ಕೈ ಬೆಳೆದದ್ದು ಮರದ ಮೇಲೇ ಕಾಣುತ್ತದೆ. ನಾವು ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ, ಮೊದಲನೆಯದನ್ನು ಕೈಗೆ ತೆಗೆದುಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಕೆಂಪು ದಾರ ಬಳಸುವ ಮುಂಚೆ ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಡುವ ದಾರವಾದರೆ ಬೇಡ. ಹತ್ತಿ ಬಟ್ಟೆಯನ್ನು ಕಸೂತಿಗೆ ಮುಂಚೆಯೇ ಒಮ್ಮೆ ಒಗೆದು ಒಣಗಿಸಿ, ಆಮೇಲೆ ಕುಗ್ಗಿದರೆ ಹೊಲಿಗೆ ಸುತ್ತ ಸುಕ್ಕು ಬೀಳುತ್ತದೆ.

ನೀಲಿದಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿ ಅಮ್ಮನ ತಾಯಿಯೇ. ಹುಡುಕಿದೆ, ಅಮ್ಮನ ಹಳೇ ಪೆಟ್ಟಿಗೆಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. "ಊಟ ಸರಿಯಾಗಿ ಮಾಡು, ಬೇಗ ಬಾ" ಅಂತ ಕೊನೆಯ ಸಾಲು. ಅದನ್ನೇ ಟೇಬಲ್ ಕ್ಲಾತಿನ ಎದುರು ಮೂಲೆಗೆ ಹಾಕುತ್ತೇನೆ, ಮೊಗ್ಗಿನ ಬದಲು. ಅಣ್ಣನಿಗೆ ಸೈಕಲ್. ಟೇಬಲ್ ಕ್ಲಾತ್ ಸ್ವಲ್ಪ ದಪ್ಪ, ಕಿಟಕಿಗೆ ಹಿಡಿದರೂ ಅಕ್ಷರ ಕಾಣುತ್ತಿಲ್ಲ. ಏನು ಮಾಡಲಿ?

ಮುತ್ತುಗಂಟು:

ಆ ಸಾಲು ಓದಿ ಕಣ್ಣು ತುಂಬಿತು. ಟಿಶ್ಯೂ ಪೇಪರ್ ಮೇಲೆ ಅಕ್ಷರ ತೆಗೆದುಕೊಳ್ಳಿ, ಅದನ್ನು ಬಟ್ಟೆಗೆ ದೊಡ್ಡ ಹೊಲಿಗೆಯಲ್ಲಿ ಟಾಕು ಹಾಕಿ, ಕಾಗದದ ಮೇಲಿಂದಲೇ ಹೊಲಿಯಿರಿ. ಮುಗಿದ ಮೇಲೆ ಕಾಗದವನ್ನು ಮೆಲ್ಲಗೆ ಹರಿದು ತೆಗೆಯಬಹುದು, ಸಿಕ್ಕಿಕೊಂಡ ಚೂರುಗಳಿಗೆ ಚಿಮ್ಮಟ ಇರಲಿ. ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಬರೆದರೆ ಇಸ್ತ್ರಿಗೆ ಮುಂಚೆ ತಣ್ಣೀರಿನಲ್ಲಿ ಪೂರ್ತಿ ತೊಳೆಯಿರಿ, ಬಿಸಿ ತಾಗಿದರೆ ಆ ಗೆರೆ ಹೋಗುವುದಿಲ್ಲ, ನನ್ನ ಒಂದು ಬಿಳಿ ಕುಶನ್ ಕವರ್ ಹಾಗೇ ಹಾಳಾಯಿತು. ಇಸ್ತ್ರಿ ಹಾಕುವಾಗ ದಪ್ಪ ಟವೆಲ್ ಹಾಸಿ, ಕಸೂತಿ ಕೆಳಮುಖ ಮಾಡಿ, ಹಿಂದಿನಿಂದ ಒತ್ತಿ.